ಮುಹೂರ್ತ ಮೊದಲೋ, ಮನೆ ಮೊದಲೋ?
ಜಾಲತಾಣ ಕಟ್ಟಿದವರ ಚರಿತ್ರೆಯಿಂದ ಕೆಲವು ಪುಟಗಳು

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದರು ನಮ್ಮ ಹಿರಿಯರು. ಅವರ ಕಾಲದಲ್ಲಿ ಜಾಲತಾಣವಿದ್ದಿದ್ದರೆ ಅದನ್ನೂ ಈ ಸಾಲಿಗೆ ಸೇರಿಸುತ್ತಿದ್ದರೋ ಏನೋ. ಏಕೆಂದರೆ ಮದುವೆಯಂತೆ ಅದಕ್ಕೂ ಒಂದು ಮುಹೂರ್ತ ಬೇಕು, ಮನೆಯಂತೆ ಅದಕ್ಕೂ ಒಂದು ಅಡಿಪಾಯ ಬೇಕು. ಇವೆರಡರಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಗೆ ಉತ್ತರ ತಪ್ಪಿದಾಗ ದೊಡ್ಡ ದೊಡ್ಡ ಸರಕಾರಗಳೇ ಮುಗ್ಗರಿಸಿವೆ.

ಈ ವಿಚಾರ ಈಗೇಕೆ ಎಂದರೆ, ಕಳೆದ ತಿಂಗಳ ಭಾನುವಾರದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಮ್ಮ ಸಂಘಕ್ಕೆ ಹೊಸ ಜಾಲತಾಣವಾಗಬೇಕೆಂಬ ಠರಾವು ಸರ್ವಾನುಮತದಿಂದ ಮಂಜೂರಾಯಿತು. ಡೊಂಬಿವಲಿಯಿಂದಲೂ ಮೀರಾ ರೋಡಿನಿಂದಲೂ ಲೋಕಲ್ ಗಾಡಿ ಹಿಡಿದು ಬಂದ ಸದಸ್ಯರು ಉತ್ಸಾಹದಿಂದ ಚಪ್ಪಾಳೆ ತಟ್ಟಿದರು. ಮರುಕ್ಷಣವೇ ಉದ್ಘಾಟನೆಯ ದಿನ ಗೊತ್ತಾಯಿತು: ನವೆಂಬರ್ 1, ರಾಜ್ಯೋತ್ಸವ. ಮುಖ್ಯ ಅತಿಥಿಗಳು ಯಾರೆಂಬ ಬಗ್ಗೆ ಅರ್ಧ ಗಂಟೆ ಚರ್ಚೆಯೂ ನಡೆಯಿತು. ಕೆಲಸ ಯಾರು ಮಾಡುತ್ತಾರೆ, ಎಷ್ಟು ಕಾಲ ಬೇಕು ಎಂದು ಹಿರಿಯ ಸದಸ್ಯರೊಬ್ಬರು ಕೇಳಿದಾಗ ಮಾತ್ರ ಸಭೆ ಮೌನವಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಈ ಅಭ್ಯಾಸ ನಮ್ಮೊಬ್ಬರದೇ ಅಲ್ಲವೆಂದು ತೋರಿಸುವುದಕ್ಕೂ, ಕುಲಾವಿಗೆ ಮುನ್ನ ಆಗಬೇಕಾದದ್ದೇನು ಎಂದು ಯೋಚಿಸುವುದಕ್ಕೂ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಹಳೆಯ ಜಾಲತಾಣದ ಕಥೆ ಅನೇಕರಿಗೆ ಗೊತ್ತಿದೆ. ಸದಸ್ಯರೊಬ್ಬರ ಮಗ, ಕಾಲೇಜು ಹುಡುಗ, ರಜೆಯಲ್ಲಿ ಒಬ್ಬನೇ ಕುಳಿತು ಅದನ್ನು ಮಾಡಿಕೊಟ್ಟ. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಅವನು ನೌಕರಿಗೆಂದು ಬೇರೆ ಊರಿಗೆ ಹೋದ. ಅದರ ಗುಪ್ತಪದವೂ ಅವನೊಂದಿಗೇ ಹೋಯಿತು. ತಾಣದ ಹೆಸರಿಗೆ ಪ್ರತಿವರ್ಷ ಹಣ ಕಟ್ಟಬೇಕೆಂಬುದು ನಮಗಾರಿಗೂ ತಿಳಿದಿರಲಿಲ್ಲ. ಒಂದು ದಿನ ನೋಡಿದರೆ ತಾಣವೇ ಇಲ್ಲ. ಅದರಲ್ಲಿದ್ದ ಹಳೆಯ ನಾಟಕಗಳ ಛಾಯಾಚಿತ್ರಗಳು, ತೀರಿಕೊಂಡ ಇಬ್ಬರು ಹಿರಿಯರ ಮಾತುಗಳ ಧ್ವನಿಮುದ್ರಿಕೆ, ಎಲ್ಲವೂ ಹೋದವು. ಆ ಹುಡುಗನದು ಇದರಲ್ಲಿ ತಪ್ಪೇನೂ ಇಲ್ಲ. ತಪ್ಪು ನಮ್ಮದು. ಒಬ್ಬನ ಹೆಗಲಿಗೆ ಹೊರಿಸಿ ನಾವು ಮರೆತುಬಿಟ್ಟಿದ್ದೆವು.

ಕಳೆದುಹೋಗುವ ಮಾಹಿತಿ

ಸ್ವಾರಸ್ಯವೆಂದರೆ, ಜಗತ್ತಿನ ಮೊತ್ತಮೊದಲ ಜಾಲತಾಣ ಹುಟ್ಟಿದ್ದೇ ಇಂಥ ನಷ್ಟವನ್ನು ತಪ್ಪಿಸುವುದಕ್ಕಾಗಿ.

ಸ್ವಿಟ್ಜರ್‌ಲೆಂಡಿನ ಜಿನೀವಾ ನಗರದ ಬಳಿ, ಫ್ರಾನ್ಸಿನ ಗಡಿಗೆ ತಾಗಿಕೊಂಡು, ಸರ್ನ್ ಎಂಬ ಹೆಸರಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಿದೆ. ಹಲವು ದೇಶಗಳ ವಿಜ್ಞಾನಿಗಳು ಅಲ್ಲಿಗೆ ಬರುತ್ತಾರೆ, ಕೆಲವು ಕಾಲ ದುಡಿಯುತ್ತಾರೆ, ತಮ್ಮ ದೇಶಕ್ಕೆ ಮರಳುತ್ತಾರೆ. 1989ರ ಮಾರ್ಚಿನಲ್ಲಿ ಅಲ್ಲಿನ ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ತರುಣ ತನ್ನ ಮೇಲಧಿಕಾರಿಗೆ ಒಂದು ಬಿನ್ನವತ್ತಳೆ ಒಪ್ಪಿಸಿದ. ಅದರಲ್ಲಿ ಅವನು ತೋಡಿಕೊಂಡ ದುಃಖ ನಮಗೆ ತೀರ ಪರಿಚಿತವಾದದ್ದು. ಇಲ್ಲಿ ಜನ ಸಾಮಾನ್ಯವಾಗಿ ಎರಡು ವರ್ಷವಿದ್ದು ಹೊರಟುಹೋಗುತ್ತಾರೆ. ಅವರೊಡನೆ ಅವರ ತಿಳಿವಳಿಕೆಯೂ ಹೋಗುತ್ತದೆ. ಯಾವ ಕೆಲಸವನ್ನು ಯಾರು ಮಾಡಿದರು, ಅದರ ಕಾಗದ ಎಲ್ಲಿದೆ ಎಂದು ಹುಡುಕುವುದರಲ್ಲೇ ಹೊಸಬರ ಕಾಲ ಕಳೆಯುತ್ತದೆ, ಎಂಬುದು ಅದರ ಸಾರ. ಬ್ಯಾಂಕಿನ ವರ್ಗಾವಣೆ, ರೈಲ್ವೆಯ ವರ್ಗಾವಣೆ, ಮಕ್ಕಳ ವಿದೇಶ ಪ್ರಯಾಣ ಇವುಗಳ ನಡುವೆ ಸಂಘ ನಡೆಸುವ ನಾವು ಈ ಮಾತಿಗೆ ತಲೆದೂಗದೆ ಇರುವುದು ಹೇಗೆ?

ಮೇಲಧಿಕಾರಿ ಮೈಕ್ ಸೆಂಡಾಲ್ ಆ ಕಾಗದದ ಮೇಲೆ, ವಿಚಾರ ಸ್ಪಷ್ಟವಾಗಿಲ್ಲ, ಆದರೂ ರೋಮಾಂಚಕಾರಿ ಎಂಬ ಅರ್ಥದ ಟಿಪ್ಪಣಿ ಬರೆದಿಟ್ಟ. ಒಂದೂವರೆ ವರ್ಷ ಕಳೆದರೂ ಕೆಲಸ ಅಧಿಕೃತವಾಗಿ ಆರಂಭವಾಗಲಿಲ್ಲ. ಆದರೆ ಸೆಂಡಾಲ್ ಅದನ್ನು ತಿರಸ್ಕರಿಸಲೂ ಇಲ್ಲ. 1990ರಲ್ಲಿ ನೆಕ್ಸ್ಟ್ ಎಂಬ ಆ ಕಾಲದ ಉತ್ತಮ ಕಂಪ್ಯೂಟರೊಂದನ್ನು ತರಿಸಿಕೊಳ್ಳಲು ಅವನು ಬರ್ನರ್ಸ್-ಲೀಗೆ ಒಪ್ಪಿಗೆ ಕೊಟ್ಟ.

ಐದು ಜನ, ಆರು ತಿಂಗಳು

ಆ ವೇಳೆಗೆ ರಾಬರ್ಟ್ ಕಯ್ಯೋ ಎಂಬ ಬೆಲ್ಜಿಯಮ್ ದೇಶದ ಸಹೋದ್ಯೋಗಿ ಜೊತೆಗೂಡಿದ. ಬರ್ನರ್ಸ್-ಲೀ ಯಂತ್ರದ ಭಾಷೆ ಬಲ್ಲವನಾದರೆ, ಕಯ್ಯೋ ಸಂಸ್ಥೆಯ ಜನರನ್ನೂ ಕಡತ ಸಾಗುವ ದಾರಿಯನ್ನೂ ಬಲ್ಲವನು. ಇಬ್ಬರೂ ಸೇರಿ 1990ರ ನವೆಂಬರ್ 12ರಂದು ಹೊಸದೊಂದು ಯೋಜನೆಯನ್ನು ಮುಂದಿಟ್ಟರು. ನಮ್ಮ ಇಂದಿನ ವಿಷಯಕ್ಕೆ ಇದೇ ಮೂಲಪತ್ರವೆನ್ನಬೇಕು. ಏಕೆಂದರೆ ಜಾಲತಾಣದ ಕೆಲಸಕ್ಕೆ ಎಷ್ಟು ಜನ ಬೇಕು, ಎಷ್ಟು ಕಾಲ ಬೇಕು ಎಂಬ ಲೆಕ್ಕ ಅದರಲ್ಲಿದೆ.

ಅವರು ಕೇಳಿದ್ದು ನಾಲ್ವರು ಸಾಫ್ಟ್‌ವೇರ್ ಇಂಜಿನಿಯರುಗಳನ್ನು ಮತ್ತು ಒಬ್ಬ ಪ್ರೋಗ್ರಾಮರನನ್ನು, ಒಟ್ಟು ಐವರು. ಕೆಲಸವನ್ನು ಎರಡು ಹಂತವಾಗಿ ವಿಂಗಡಿಸಿದ್ದರು. ಮೊದಲ ಮೂರು ತಿಂಗಳಲ್ಲಿ, ಸಂಸ್ಥೆಯಲ್ಲಿ ಆಗಲೇ ಇದ್ದ ಮಾಹಿತಿಯನ್ನು ಜನ ತಮ್ಮ ತಮ್ಮ ಯಂತ್ರಗಳಲ್ಲಿ ಓದುವಂತಾಗಬೇಕು. ಮುಂದಿನ ಮೂರು ತಿಂಗಳಲ್ಲಿ, ಓದುವವರು ತಾವೂ ಬರೆದು ಸೇರಿಸುವಂತಾಗಬೇಕು. ಎರಡನೆಯ ಹಂತದ ಎಲ್ಲೆ ಅಷ್ಟು ನಿಖರವಲ್ಲವೆಂದು ಅವರೇ ಪ್ರಾಮಾಣಿಕವಾಗಿ ಬರೆದಿದ್ದರು. ಮೊದಲು ಓದಿಸುವುದು, ಅನಂತರ ಬರೆಸುವುದು. ಮೊದಲು ಇದ್ದುದನ್ನು ಬಳಸುವುದು, ಅನಂತರ ಹೊಸದನ್ನು ಕಟ್ಟುವುದು. ಎಷ್ಟು ಸರಳವಾದ ಕ್ರಮ!

ಕೇಳಿದಷ್ಟು ಜನ ಕೂಡಲೇ ದೊರೆಯಲಿಲ್ಲ. ಆದರೂ 1990ರ ಡಿಸೆಂಬರ್ ಮುಗಿಯುವುದರೊಳಗೆ ಬರ್ನರ್ಸ್-ಲೀಯ ನೆಕ್ಸ್ಟ್ ಯಂತ್ರದಲ್ಲಿ ಮೊದಲ ಜಾಲತಾಣ ಉಸಿರಾಡತೊಡಗಿತ್ತು. ಆ ಯಂತ್ರವನ್ನು ಯಾರಾದರೂ ತಿಳಿಯದೆ ಆರಿಸಿಬಿಟ್ಟರೆ ಜಗತ್ತಿನ ಜಾಲವೇ ಆರಿಹೋಗುತ್ತಿತ್ತು. ಹೀಗಾಗಿ, ಇದನ್ನು ಆರಿಸಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿಯೊಂದನ್ನು ಅದಕ್ಕೆ ಅಂಟಿಸಿದ್ದರು. ಆ ಚೀಟಿಯ ಸಮೇತ ಯಂತ್ರವನ್ನು ಸರ್ನ್ ಜೋಪಾನವಾಗಿ ಉಳಿಸಿಕೊಂಡಿದೆ.

ಇಲ್ಲಿ ಇನ್ನಿಬ್ಬರನ್ನು ನೆನೆಯಲೇಬೇಕು. ಒಬ್ಬಳು ನಿಕೋಲಾ ಪೆಲೋ. ಇಂಗ್ಲೆಂಡಿನ ಲೆಸ್ಟರ್ ಪಾಲಿಟೆಕ್ನಿಕ್‌ನಲ್ಲಿ ಗಣಿತ ಓದುತ್ತಿದ್ದ ಈ ವಿದ್ಯಾರ್ಥಿನಿ ತರಬೇತಿಗೆಂದು ಸರ್ನ್‌ಗೆ ಬಂದಿದ್ದಳು. ಬರ್ನರ್ಸ್-ಲೀ ಮಾಡಿದ್ದ ಸುಂದರವಾದ ವೀಕ್ಷಕ ತಂತ್ರಾಂಶ ನೆಕ್ಸ್ಟ್ ಯಂತ್ರದಲ್ಲಿ ಮಾತ್ರ ನಡೆಯುತ್ತಿತ್ತು. ಆ ಯಂತ್ರವಿದ್ದವರೋ ಬೆರಳೆಣಿಕೆಯಷ್ಟು ಜನ. ಪೆಲೋ ಬರೆದದ್ದು ಚಿತ್ರವಿಲ್ಲದ, ಬಣ್ಣವಿಲ್ಲದ, ಬರಿಯ ಅಕ್ಷರಗಳನ್ನು ತೋರಿಸುವ ಸಾದಾ ವೀಕ್ಷಕ. ಆದರೆ ಅದು ಎಂಥ ಹಳೆಯ ಯಂತ್ರದಲ್ಲೂ ಓಡಬಲ್ಲದಾಗಿತ್ತು. ಮತ್ತೊಬ್ಬ ಬರ್ನ್ಡ್ ಪೊಲ್ಲರ್‌ಮನ್. ಸಂಸ್ಥೆಯ ದೊಡ್ಡ ಕಂಪ್ಯೂಟರಿನಲ್ಲಿದ್ದ ದೂರವಾಣಿ ಕೈಪಿಡಿಯನ್ನು ಜಾಲಕ್ಕೆ ಜೋಡಿಸಲು ನೆರವಾದವನು ಅವನು. ಸಾವಿರಾರು ಜನರಿದ್ದ ಸರ್ನ್‌ನಲ್ಲಿ ಒಬ್ಬರಿಗೊಬ್ಬರ ಫೋನ್ ನಂಬರು ದಿನನಿತ್ಯ ಬೇಕಾಗುತ್ತಿತ್ತು. ಜಾಲವೆಂದರೇನೆಂದು ಅರಿಯದವರೂ ನಂಬರು ನೋಡುವುದಕ್ಕೆಂದು ಅದನ್ನು ತೆರೆದಿಡತೊಡಗಿದರು. ಜಗತ್ತನ್ನೇ ಬದಲಿಸಿದ ವಸ್ತುವಿಗೆ ಮೊದಲ ಗಿರಾಕಿಗಳನ್ನು ತಂದುಕೊಟ್ಟದ್ದು ಒಂದು ಟೆಲಿಫೋನ್ ಡೈರೆಕ್ಟರಿ!

ಮುಂದಿನದು ಬೇಗ ಹೇಳಬಹುದಾದ ಕಥೆ. 1991ರ ಆಗಸ್ಟಿನಲ್ಲಿ ಬರ್ನರ್ಸ್-ಲೀ ಇದನ್ನು ಹೊರಜಗತ್ತಿಗೆ ಸಾರಿದ. ಅದೇ ಡಿಸೆಂಬರಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವೇಗವರ್ಧಕ ಕೇಂದ್ರದಲ್ಲಿ ಯುರೋಪಿನ ಹೊರಗಿನ ಮೊದಲ ತಾಣ ಆರಂಭವಾಯಿತು. ಭೌತವಿಜ್ಞಾನದ ಲೇಖನಗಳ ಸೂಚಿಯನ್ನು ಅದು ಎಲ್ಲರಿಗೂ ತೆರೆದಿಟ್ಟಿತು. 1993ರ ಏಪ್ರಿಲ್ 30ರಂದು ಸರ್ನ್ ತನ್ನ ಜಾಲದ ತಂತ್ರಾಂಶವನ್ನು ಯಾವ ಶುಲ್ಕವೂ ಇಲ್ಲದೆ ಸಾರ್ವಜನಿಕರ ಸ್ವತ್ತೆಂದು ಘೋಷಿಸಿತು.

ಕನ್ನಡದ ಎಳೆ

ಈ ಕಥೆಯಲ್ಲಿ ಕನ್ನಡದ ಒಂದು ಎಳೆಯೂ ಸೇರಿಕೊಂಡಿದೆ. ಜಾಲ ಹೊರಜಗತ್ತಿಗೆ ತೆರೆದ 1991ರಲ್ಲಿಯೇ ಯುನಿಕೋಡ್ ಎಂಬ ವಿಶ್ವ ಅಕ್ಷರಸಂಕೇತದ ಮೊದಲ ಆವೃತ್ತಿ ಪ್ರಕಟವಾಯಿತು. ಅದರಲ್ಲಿ ಕನ್ನಡ ಲಿಪಿಗೆ ಸ್ಥಾನವಿತ್ತು. 1995ರ ಆಗಸ್ಟ್ 15ರಂದು ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ಆರಂಭವಾಯಿತು. ಮೊದಲು ದೊರೆತ ನಗರಗಳಲ್ಲಿ ನಮ್ಮ ಮುಂಬಯಿಯೂ ಒಂದು. ಮರುವರ್ಷ, 1996ರಲ್ಲಿ, ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದ ಡಾ. ಯು. ಬಿ. ಪವನಜ ಅವರು ಇಲ್ಲಿನ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿ ದುಡಿದವರು. ಹೊರನಾಡ ಕನ್ನಡಿಗರು ಇದನ್ನು ಅಭಿಮಾನದಿಂದ ನೆನೆಯಬೇಕು.

ಆದರೆ ಯುನಿಕೋಡಿನಲ್ಲಿ ಸ್ಥಾನ ದೊರೆತ ಮಾತ್ರಕ್ಕೆ ಕನ್ನಡ ಪರದೆಯ ಮೇಲೆ ಮೂಡಲಿಲ್ಲ. ಮನೆಮನೆಯ ಕಂಪ್ಯೂಟರುಗಳು ಅದನ್ನು ಅರಗಿಸಿಕೊಳ್ಳಲು ಹತ್ತಕ್ಕಿಂತ ಹೆಚ್ಚು ವರ್ಷ ಹಿಡಿಯಿತು. ಅಷ್ಟರತನಕ ಒಂದೊಂದು ತಂತ್ರಾಂಶ ತನ್ನದೇ ಫಾಂಟು, ತನ್ನದೇ ಸಂಕೇತ ಬಳಸುತ್ತಿತ್ತು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ನಮ್ಮ ಪತ್ರಿಕೆಯ ಅನೇಕ ಹಳೆಯ ಸಂಚಿಕೆಗಳ ಕಡತಗಳು ಇದೇ ಸ್ಥಿತಿಯಲ್ಲಿವೆ. ಅವುಗಳನ್ನು ಯುನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತನೆಯಲ್ಲಿ ಒತ್ತಕ್ಷರ ದೀರ್ಘಗಳು ಹೆಚ್ಚುಕಡಿಮೆಯಾಗುವುದರಿಂದ ಒಂದೊಂದು ಸಾಲನ್ನೂ ಕನ್ನಡ ಬಲ್ಲ ಕಣ್ಣು ಓದಬೇಕು. ಯಂತ್ರ ಬಲ್ಲ ತರುಣನಿಗಿಂತ ಕರಡಚ್ಚು ತಿದ್ದಬಲ್ಲ ಹಿರಿಯರು ಈ ಕೆಲಸದಲ್ಲಿ ಮುಖ್ಯರಾಗುತ್ತಾರೆ. ನವೆಂಬರ್ 1 ಎಂದು ದಿನ ಗೊತ್ತುಮಾಡಿದಾಗ ಈ ದುಡಿಮೆ ನಮ್ಮ ಲೆಕ್ಕದಲ್ಲೇ ಇರಲಿಲ್ಲ.

ಆಳು ಹೆಚ್ಚಿದರೆ ಕೆಲಸ ಬೇಗವೇ?

ಸಭೆಯಲ್ಲಿ ಒಬ್ಬರು ಸಲಹೆಯಿತ್ತರು: ಕಾಲ ಕಡಿಮೆಯಿದ್ದರೇನಂತೆ, ಇಪ್ಪತ್ತು ಜನರ ಉಪಸಮಿತಿ ಮಾಡೋಣ, ಬೇಗ ಮುಗಿಯುತ್ತದೆ. ಕೇಳಲು ಹಿತವಾದ ಮಾತು. ಈ ಮಾತನ್ನು ನಂಬಿ ಕೈಸುಟ್ಟುಕೊಂಡವರ ಕಥೆ ಜಾಲತಾಣಕ್ಕಿಂತ ಹಳೆಯದು.

ಅಮೆರಿಕದ ಐಬಿಎಂ ಕಂಪೆನಿ 1964ರ ಏಪ್ರಿಲಿನಲ್ಲಿ ಸಿಸ್ಟಮ್ 360 ಎಂಬ ಕಂಪ್ಯೂಟರುಗಳ ಶ್ರೇಣಿಯನ್ನು ಪ್ರಕಟಿಸಿತು. ಅವುಗಳನ್ನು ನಡೆಸುವ ಮೂಲ ತಂತ್ರಾಂಶದ ಕೆಲಸದಲ್ಲಿ ಒಂದು ಹಂತದಲ್ಲಿ ಸಾವಿರಕ್ಕೂ ಮಿಕ್ಕಿ ಜನರಿದ್ದರು. ಆದರೂ ಅದು ತಡವಾಯಿತು, ಅಂದಾಜಿಗಿಂತ ವೆಚ್ಚವೂ ಹೆಚ್ಚಾಯಿತು, ಮೊದಮೊದಲು ದೋಷಗಳೂ ಬಹಳವಿದ್ದವು. ಅದರ ಮುಂದಾಳಾಗಿದ್ದ ಫ್ರೆಡ್ ಬ್ರೂಕ್ಸ್ ಮುಂದೆ ಪ್ರಾಧ್ಯಾಪಕನಾದ. ಎಲ್ಲಿ ತಪ್ಪಿತು ಎಂದು ವರ್ಷಗಟ್ಟಲೆ ಯೋಚಿಸಿ 1975ರಲ್ಲಿ ಒಂದು ಪುಸ್ತಕ ಬರೆದ. ತಡವಾದ ತಂತ್ರಾಂಶದ ಕೆಲಸಕ್ಕೆ ಹೊಸ ಆಳುಗಳನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂಬ ಅವನ ಸಿದ್ಧಾಂತ ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ತನ್ನ ಸೋಲನ್ನು ಮುಚ್ಚಿಡದೆ ಮುಂದಿನವರಿಗೆ ಪಾಠವಾಗಿಸಿದ ಈ ವಿದ್ವಾಂಸ 2022ರಲ್ಲಿ ತೀರಿಕೊಂಡ.

ಅವನ ತರ್ಕ ಸರಳವಾದುದು. ಗದ್ದೆಯ ನಾಟಿಗೆ ಹತ್ತರ ಬದಲು ಇಪ್ಪತ್ತು ಆಳು ಬಂದರೆ ಅರ್ಧ ದಿನದಲ್ಲಿ ಮುಗಿಯಬಹುದು. ಒಬ್ಬರು ನೆಟ್ಟ ಸಾಲಿಗೂ ಇನ್ನೊಬ್ಬರ ಸಾಲಿಗೂ ಮಾತುಕತೆ ಬೇಕಿಲ್ಲ. ಬಸುರಿಯ ಒಂಬತ್ತು ತಿಂಗಳನ್ನು ಒಂಬತ್ತು ಹೆಂಗಸರು ಹಂಚಿಕೊಂಡು ಒಂದು ತಿಂಗಳಲ್ಲಿ ಮುಗಿಸಲಾರರು. ತಂತ್ರಾಂಶದ ಕೆಲಸದಲ್ಲಿ ಒಬ್ಬ ಮಾಡಿದ್ದು ಇನ್ನೊಬ್ಬನಿಗೆ ತಿಳಿಯಲೇಬೇಕು. ಇಬ್ಬರಿದ್ದರೆ ಮಾತುಕತೆಯ ದಾರಿ ಒಂದು; ಐವರಿದ್ದರೆ ಹತ್ತು; ಹತ್ತು ಜನರಿದ್ದರೆ ನಲವತ್ತೈದು; ಸಭೆಯಲ್ಲಿ ಸೂಚಿಸಿದಂತೆ ಇಪ್ಪತ್ತಾದರೆ ನೂರತೊಂಬತ್ತು! ಹೊಸದಾಗಿ ಬಂದವನಿಗೆ ಕೆಲಸ ಕಲಿಸಲು ಬಲ್ಲವನು ತನ್ನ ಕೆಲಸ ಬಿಡಬೇಕು. ಸಂಘದ ಉಪಸಮಿತಿಗಳಲ್ಲಿ ದುಡಿದವರಿಗೆ ಇದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಕಾಲದ ಹಂಚಿಕೆಗೂ ಬ್ರೂಕ್ಸ್ ಒಂದು ಲೆಕ್ಕ ಕೊಟ್ಟ. ಒಟ್ಟು ಕಾಲದಲ್ಲಿ ಮೂರನೆಯ ಒಂದು ಪಾಲು ಯೋಚನೆಗೆ. ಆರನೆಯ ಒಂದು ಪಾಲು ಮಾತ್ರ ನಿಜವಾಗಿ ಬರೆಯುವುದಕ್ಕೆ. ಕಾಲು ಪಾಲು ಬಿಡಿಭಾಗಗಳ ಪರೀಕ್ಷೆಗೆ. ಉಳಿದ ಕಾಲು ಪಾಲು ಎಲ್ಲವನ್ನೂ ಜೋಡಿಸಿದ ಮೇಲಿನ ಪರೀಕ್ಷೆಗೆ. ಅಂದರೆ ಅರ್ಧ ಕಾಲ ಪರೀಕ್ಷೆಗೇ ಮೀಸಲು. ನಾವಾದರೋ ಸಾಮಾನ್ಯವಾಗಿ ಮುಕ್ಕಾಲು ಪಾಲು ಕಾಲವನ್ನು ಯಾರು ಮಾಡಬೇಕೆಂಬ ಚರ್ಚೆಯಲ್ಲಿ ಕಳೆದು, ಪರೀಕ್ಷೆಯನ್ನು ಉದ್ಘಾಟನೆಯ ದಿನ ವೇದಿಕೆಯ ಮೇಲೆಯೇ ನಡೆಸುತ್ತೇವೆ.

ಆರೇ ಮಂದಿ

ಬ್ರೂಕ್ಸ್‌ನ ಪುಸ್ತಕ ಬಂದು ಮೂವತ್ತೆಂಟು ವರ್ಷಗಳಾದ ಮೇಲೆ, ಅವನದೇ ದೇಶದ ಸರಕಾರ ಅದೇ ಪಾಠವನ್ನು ಜಗತ್ತಿನೆದುರು ಮತ್ತೆ ಕಲಿಯಬೇಕಾಯಿತು.

2010ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಅಧ್ಯಕ್ಷ ಬರಾಕ್ ಒಬಾಮಾ ಅವರ ಆರೋಗ್ಯ ವಿಮೆಯ ಕಾನೂನು ಜಾರಿಗೆ ಬಂದಿತು. ವಿಮೆಯಿಲ್ಲದವರು ಜಾಲತಾಣವೊಂದಕ್ಕೆ ಬಂದು, ಯೋಜನೆಗಳನ್ನು ಹೋಲಿಸಿ, ತಮಗೆ ಒಪ್ಪುವುದನ್ನು ಕೊಳ್ಳಬೇಕೆಂಬುದು ಏರ್ಪಾಡು. ತಾಣದ ಹೆಸರು ಹೆಲ್ತ್‌ಕೇರ್ ಡಾಟ್ ಗವ್. ಅದು ತೆರೆಯಬೇಕಾದ ದಿನ 2013ರ ಅಕ್ಟೋಬರ್ 1. ಆ ಮುಹೂರ್ತ ಮೀರುವಂತಿರಲಿಲ್ಲ. ಹಲವು ರಾಜ್ಯಗಳು ತಮ್ಮದೇ ತಾಣ ಮಾಡಲು ಒಲ್ಲೆವೆಂದದ್ದರಿಂದ 36 ರಾಜ್ಯಗಳ ಹೊರೆ ಕೇಂದ್ರದ ತಾಣದ ಮೇಲೆಯೇ ಬಿತ್ತು.

ಹಣಕ್ಕೆ ಕೊರತೆಯಿರಲಿಲ್ಲ, ಜನಕ್ಕೂ ಕೊರತೆಯಿರಲಿಲ್ಲ. ಈ ತಾಣಕ್ಕೆ ಸಂಬಂಧಿಸಿದ 60 ಗುತ್ತಿಗೆಗಳನ್ನು ಸರಕಾರದ ತನಿಖಾಧಿಕಾರಿಗಳು ಮುಂದೆ ಲೆಕ್ಕಹಾಕಿದರು. ಮುಖ್ಯ ಗುತ್ತಿಗೆಯೊಂದೇ 2011ರಲ್ಲಿ 5 ಕೋಟಿ 60 ಲಕ್ಷ ಡಾಲರಿನಿಂದ ಆರಂಭವಾಗಿ 2014ರ ಆರಂಭದ ವೇಳೆಗೆ 20 ಕೋಟಿ ಡಾಲರನ್ನು ದಾಟಿತು. ಕೊರತೆಯಿದ್ದದ್ದು ಒಂದಕ್ಕೆ: ಇಡೀ ಕೆಲಸ ನನ್ನದು ಎನ್ನುವ ಒಬ್ಬ ಯಜಮಾನನಿಗೆ. ಒಬ್ಬರು ಬಾಗಿಲು ಮಾಡಿದರು, ಒಬ್ಬರು ಕಿಟಕಿ ಮಾಡಿದರು. ಬಾಗಿಲು ಚೌಕಟ್ಟಿಗೆ ಕೂರುತ್ತದೆಯೇ ಎಂದು ನೋಡುವ ಮೇಸ್ತ್ರಿಯೇ ಇರಲಿಲ್ಲ. ತೀರ್ಮಾನ ಕೊಡುವ ಅಧಿಕಾರ ಒಬ್ಬರ ಕೈಯಲ್ಲಿಲ್ಲ, ಬೇಕುಬೇಡಗಳು ದಿನವೂ ಬದಲಾಗುತ್ತಿವೆ, ಪರೀಕ್ಷೆಗೆ ಕಾಲ ಸಾಲದು ಎಂದು ಸರಕಾರವೇ ನೇಮಿಸಿದ್ದ ಸಲಹೆಗಾರರು ಆ ವರ್ಷದ ವಸಂತದಲ್ಲಿಯೇ ಎಚ್ಚರಿಸಿದ್ದರು. ಆದರೂ ದಿನಾಂಕ ಕದಲಲಿಲ್ಲ. ಎಲ್ಲ ಭಾಗಗಳನ್ನೂ ಜೋಡಿಸಿ ಪರೀಕ್ಷಿಸಲು ಸಿಕ್ಕಿದ್ದು ಸೆಪ್ಟೆಂಬರಿನ ಕೊನೆಯ ಎರಡು ವಾರ ಮಾತ್ರವೆಂದು ಗುತ್ತಿಗೆದಾರರು ಅಮೆರಿಕದ ಸಂಸತ್ತಿನ ಮುಂದೆ ಸಾಕ್ಷಿ ನುಡಿದರು.

ಇನ್ನೊಂದು ಎಡವಟ್ಟನ್ನೂ ಹೇಳಬೇಕು. ವಿಮೆಯ ಯೋಜನೆಗಳನ್ನು ಸುಮ್ಮನೆ ನೋಡಿಕೊಂಡು ಹೋಗುವ ಸೌಲಭ್ಯವನ್ನು ಕೊನೆಯ ಗಳಿಗೆಯಲ್ಲಿ ಕೈಬಿಟ್ಟರು. ನೋಡಬೇಕಾದರೂ ಮೊದಲು ಖಾತೆ ತೆರೆಯಬೇಕೆಂದಾಯಿತು. ದಾದರಿನ ಸೀರೆ ಅಂಗಡಿಯವನು, ಮೊದಲು ರೇಷನ್ ಕಾರ್ಡು ತೋರಿಸಿ, ಆಮೇಲೆ ಸೀರೆ ಬಿಚ್ಚುತ್ತೇನೆ ಎಂದು ಬಾಗಿಲಲ್ಲೇ ತಡೆದರೆ ಬೀದಿಯ ತುಂಬ ಜನ ನಿಲ್ಲುವುದಿಲ್ಲವೇ? ಹಾಗೆಯೇ ಆಯಿತು. ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸುಮಾರು 47 ಲಕ್ಷ ಜನ ಬಂದರೆಂದು ಸರಕಾರ ಹೇಳಿತು. ಆ ದಿನ ವಿಮೆಗೆ ಹೆಸರು ನೋಂದಾಯಿಸಲು ಸಾಧ್ಯವಾದದ್ದು ಎಷ್ಟು ಮಂದಿಗೆ? ಮುಂದೆ ಸಂಸತ್ತಿನ ಸಮಿತಿ ಹೊರಗೆಡಹಿದ ಕಾಗದಗಳ ಪ್ರಕಾರ ಆರೇ ಮಂದಿಗೆ.

ಇದು ನಗುವ ವಿಷಯವಲ್ಲ. ಬಾಗಿಲಲ್ಲಿ ನಿಂತಿದ್ದವರಲ್ಲಿ ಕಾಯಿಲೆಯವರಿದ್ದರು, ವರ್ಷಗಟ್ಟಲೆ ವಿಮೆಯಿಲ್ಲದೆ ಕಾದ ಬಡವರಿದ್ದರು. ವೇಳಾಪಟ್ಟಿಯ ತಪ್ಪಿಗೆ ಬೆಲೆ ತೆರುವವರು ವೇಳಾಪಟ್ಟಿ ಬರೆದವರಲ್ಲ.

ಮುರಿದದ್ದು ಕೂಡಿದ ಬಗೆ

ಚರಿತ್ರೆ ಅಲ್ಲಿಗೇ ನಿಲ್ಲಲಿಲ್ಲವೆಂಬುದೇ ಸಮಾಧಾನ. ಅಕ್ಟೋಬರಿನ ಕೊನೆಯ ಭಾಗದಲ್ಲಿ ಜೆಫ್ರಿ ಜೈಂಟ್ಸ್ ಎಂಬವರಿಗೆ ದುರಸ್ತಿಯ ಹೊಣೆ ಒಪ್ಪಿಸಲಾಯಿತು. ಗುತ್ತಿಗೆದಾರರಲ್ಲಿ ಒಬ್ಬರನ್ನು ಎಲ್ಲರಿಗೂ ಮೇಸ್ತ್ರಿಯಾಗಿ ನಿಲ್ಲಿಸಿದರು. ಗೂಗಲ್ ಕಂಪೆನಿಯಲ್ಲಿದ್ದ ಮೈಕಿ ಡಿಕರ್‌ಸನ್ ಮೊದಲಾದ ಕೆಲವೇ ಅನುಭವಸ್ಥರು ನೆರವಿಗೆ ಬಂದರು. ಹೊಸಬರು ಬಂದರೆ ಕೆಲಸ ಇನ್ನಷ್ಟು ತಡವಾಗಬೇಕಿತ್ತಲ್ಲ ಎಂದು ಬ್ರೂಕ್ಸ್‌ನನ್ನು ಓದಿದವರು ಕೇಳಬಹುದು. ಬಂದವರು ಕೆಲವರೇ ಮತ್ತು ಬಂದವರು ಆಳಿನ ಲೆಕ್ಕ ಹೆಚ್ಚಿಸಲಿಲ್ಲ, ಕೆಲಸದ ರೀತಿಯನ್ನು ಬದಲಿಸಿದರು, ಎಂಬುದೇ ಅದಕ್ಕೆ ಉತ್ತರ.

ಅವರು ಮೊದಲು ಮಾಡಿದ್ದು, ತಾಣ ಎಲ್ಲಿ ನಿಲ್ಲುತ್ತಿದೆ, ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದೆ ಎಂದು ತೋರಿಸುವ ಒಂದು ಫಲಕ. ಅಷ್ಟು ಕೋಟಿ ಸುರಿದ ತಾಣಕ್ಕೆ ಅದುವರೆಗೆ ಅಂಥದೊಂದು ಇರಲೇ ಇಲ್ಲ! ಅನಂತರ ದಿನಕ್ಕೆರಡು ಬಾರಿ ಚಿಕ್ಕ ಸಭೆ. ಸಭೆಗೆ ಕಟ್ಟಳೆಗಳು: ಇಲ್ಲಿ ಸಮಸ್ಯೆ ಬಿಡಿಸುವುದು ಮಾತ್ರ, ತಪ್ಪು ಯಾರದೆಂದು ಹುಡುಕುವುದಲ್ಲ, ವಿಷಯ ಬಲ್ಲವನು ಮಾತನಾಡಬೇಕು, ಹುದ್ದೆಯಲ್ಲಿ ದೊಡ್ಡವನಲ್ಲ. ನವೆಂಬರ್ ಮುಗಿಯುವ ಹೊತ್ತಿಗೆ ನಾನೂರಕ್ಕೂ ಹೆಚ್ಚು ದೋಷಗಳನ್ನು ಸರಿಪಡಿಸಿದ್ದರು. ಪುಟವೊಂದು ತೆರೆಯಲು ಎಂಟು ಸೆಕೆಂಡು ಬೇಕಾಗುತ್ತಿದ್ದದ್ದು ಒಂದು ಸೆಕೆಂಡಿಗೂ ಕೆಳಗಿಳಿಯಿತು. 2014ರ ವಸಂತದ ವೇಳೆಗೆ ಕೇಂದ್ರದ ಮತ್ತು ರಾಜ್ಯಗಳ ತಾಣಗಳ ಮೂಲಕ ಸುಮಾರು 80 ಲಕ್ಷ ಜನ ವಿಮೆ ಆರಿಸಿಕೊಂಡಿದ್ದರು.

ನಮ್ಮ ಪಾಲಿನ ಲೆಕ್ಕ

ನಮ್ಮದು ಪುಟ್ಟ ಸಂಘ. ಸರ್ನ್ ಅಲ್ಲ, ಅಮೆರಿಕದ ಸರಕಾರವೂ ಅಲ್ಲ. ಆದರೆ ಪುಟ್ಟ ಮನೆಗೂ ಅಡಿಪಾಯ ಬೇಕಷ್ಟೆ. ಮೇಲಿನ ಚರಿತ್ರೆಯನ್ನು ಮುಂದಿಟ್ಟುಕೊಂಡು ನಾವು ಸಮಿತಿಗೂ ಓದುಗ ಬಂಧುಗಳಿಗೂ ಒಂದು ಲೆಕ್ಕ ಒಪ್ಪಿಸುತ್ತೇವೆ.

ಜನ ಐವರು ಸಾಕು. ಇಡೀ ಕೆಲಸಕ್ಕೆ ಹೊಣೆಯಾಗುವ, ಬೇಕು ಬೇಡ ಎಂದು ತೀರ್ಮಾನಿಸಬಲ್ಲ ಒಬ್ಬರು. ಅವರು ಪದಾಧಿಕಾರಿಯೇ ಆಗಬೇಕೆಂದಿಲ್ಲ. ಯಂತ್ರದ ಕೆಲಸ ಬಲ್ಲ ಒಬ್ಬರು. ಹಳೆಯ ಸಂಚಿಕೆ, ಛಾಯಾಚಿತ್ರಗಳನ್ನು ಕಲೆಹಾಕಿ ವಿಂಗಡಿಸುವ ಒಬ್ಬರು. ಕನ್ನಡ ತಿದ್ದಬಲ್ಲ ಒಬ್ಬ ಹಿರಿಯರು. ಐದನೆಯವರು ಕಂಪ್ಯೂಟರ್ ಅಷ್ಟಾಗಿ ಬಾರದ, ಮೊಬೈಲಿನಲ್ಲಿ ಮಾತ್ರ ನೋಡುವ, ಯಾರಾದರೂ ಗೃಹಿಣಿಯೋ ನಿವೃತ್ತರೋ ಆಗಿರಬೇಕು. ಅವರಿಗೆ ತಿಳಿಯದ್ದು ಉಳಿದ ಸದಸ್ಯರಿಗೂ ತಿಳಿಯುವುದಿಲ್ಲವೆಂದು ಎಣಿಸಬೇಕು. ನಿಕೋಲಾ ಪೆಲೋಳ ಸಾದಾ ವೀಕ್ಷಕದಂತೆ ನಮ್ಮ ತಾಣವೂ ಎಲ್ಲರ ಕೈಗೆ ಎಟುಕಬೇಕು.

ಕಾಲ ಆರು ತಿಂಗಳು. ಜುಲೈ ನಡುವಿನಿಂದ ಎಣಿಸಿದರೆ ಸಂಕ್ರಾಂತಿ. ಬ್ರೂಕ್ಸ್‌ನ ಲೆಕ್ಕದಂತೆ ಅದರಲ್ಲಿ ಎರಡು ತಿಂಗಳು ಯೋಚನೆಗೆ, ಏನಿರಬೇಕು ಏನಿರಬಾರದೆಂಬ ತೀರ್ಮಾನಕ್ಕೆ. ಒಂದು ತಿಂಗಳು ಕಟ್ಟುವುದಕ್ಕೆ. ಒಂದೂವರೆ ತಿಂಗಳು ಬಿಡಿಬಿಡಿಯಾಗಿ ಪರೀಕ್ಷೆಗೆ. ಒಂದೂವರೆ ತಿಂಗಳು ಒಟ್ಟಿನ ಪರೀಕ್ಷೆಗೆ. ಹಾಗಾದರೆ ರಾಜ್ಯೋತ್ಸವದ ಮುಹೂರ್ತ? ಅದನ್ನೂ ಬಿಡಬೇಕಾಗಿಲ್ಲ. ಸರ್ನ್‌ನ ದೂರವಾಣಿ ಕೈಪಿಡಿಯಂತೆ, ದಿನನಿತ್ಯ ಬೇಕಾಗುವ ಒಂದು ಚಿಕ್ಕ ಪುಟವನ್ನು ಮಾತ್ರ ಅಂದು ತೆರೆಯೋಣ: ಪದಾಧಿಕಾರಿಗಳನ್ನು ಸಂಪರ್ಕಿಸುವ ಬಗೆ, ಮಕ್ಕಳ ಕನ್ನಡ ತರಗತಿಯ ವೇಳೆ, ತಿಂಗಳ ಕಾರ್ಯಕ್ರಮ. ಹಳೆಯ ಸಂಚಿಕೆಗಳು ತಿದ್ದಿದ ಹಾಗೆಲ್ಲ ವರ್ಷಕ್ಕಿಷ್ಟು ಎಂದು ಸೇರುತ್ತ ಹೋಗಲಿ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು. ತಾಣದ ಹೆಸರು ಸಂಘದ ಹೆಸರಿನಲ್ಲೇ ಇರಬೇಕು. ವರ್ಷದ ಶುಲ್ಕ ಖಜಾಂಚಿಯ ಆಯವ್ಯಯದಲ್ಲಿ, ಬೆಳಕಿನ ಬಿಲ್ಲಿನ ಪಕ್ಕದಲ್ಲೇ, ಒಂದು ಬಾಬತ್ತಾಗಬೇಕು. ಗುಪ್ತಪದ ಇಬ್ಬರ ಬಳಿಯಿದ್ದು, ಮೊಹರು ಮಾಡಿದ ಲಕೋಟೆಯಲ್ಲಿ ಸಂಘದ ಕಪಾಟಿನಲ್ಲೂ ಒಂದಿರಬೇಕು. ಹೊಸ ಕಾರ್ಯಕಾರಿ ಸಮಿತಿ ಅಧಿಕಾರ ವಹಿಸಿಕೊಂಡಾಗ ಬೀಗದ ಕೈಗಳೊಡನೆ ಇದೂ ಹಸ್ತಾಂತರವಾಗಬೇಕು. ಸರ್ನ್‌ನವರು ಕೆಂಪು ಶಾಯಿಯ ಚೀಟಿ ಅಂಟಿಸಿದ್ದು ಇದಕ್ಕಾಗಿಯೇ ಅಲ್ಲವೇ?

ಊರು ಬಿಟ್ಟು ಬಂದವರು ನಾವು. ನಮ್ಮಲ್ಲಿ ಅನೇಕರು ಈ ಊರನ್ನೂ ಬಿಟ್ಟು ಹೋಗುತ್ತಾರೆ, ನಮ್ಮ ಮಕ್ಕಳಂತೂ ಹೋಗಿಯೇ ಇದ್ದಾರೆ. ಜನ ಬಂದು ಹೋಗುವ ಕಡೆ ತಿಳಿವಳಿಕೆ ಉಳಿಯುವುದು ಹೇಗೆಂಬ ಪ್ರಶ್ನೆಯಿಂದಲೇ ಜಾಲ ಹುಟ್ಟಿತು. ಸಂಘದ ಕಪಾಟಿನಲ್ಲಿರುವ ಹಳೆಯ ಸಂಪುಟಗಳ ಹಾಳೆ ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬಂದಿದೆ. ಅವುಗಳಲ್ಲಿ ಬರೆದವರಲ್ಲಿ ಹಲವರು ಈಗಿಲ್ಲ. ಅವು ಎರಡನೆಯ ಬಾರಿ ಕಳೆದುಹೋಗಬಾರದು. ಐದು ಹೆಸರುಗಳು ಬೇಕಾಗಿವೆ. ಮುಂದಿನ ಭಾನುವಾರದ ಸಭೆಗೆ, ಚಪ್ಪಾಳೆಯ ಜೊತೆಗೆ, ತಮ್ಮ ಹೆಸರನ್ನೂ ತರಬೇಕಾಗಿ ಸದಸ್ಯ ಬಂಧುಗಳಲ್ಲಿ ವಿನಂತಿ.